ಉದ್ಯಾನದ ಹಿಮವನ್ನು ಹೊಳೆಯ ಮೇಲೆ ಹರಡುವುದರ ಬಗ್ಗೆ

ಸಂಖ್ಯೆ: ಉದ್ಯಾನ/ಹಿಮ/ಸ್ಥಳಾಂತರ/೪
ಈಸ್ಟ್ ಹಾರ್ಲೋ, ವರ್ಮಾಂಟ್
ಏಪ್ರಿಲ್, ಹೊಳೆಯ ಮಂಜುಗಡ್ಡೆ ಒಡೆದು ಹೋದ ವಾರ

ಸುತ್ತೋಲೆ

ವಿಷಯ: ಹಳೆಯ ಚಾವಣಿ ಸೇತುವೆ ಇದ್ದ ಜಾಗದ ಹೊಳೆಯಂಚಿನ ಉದ್ಯಾನದಿಂದ ಹಿಮವನ್ನು ಅನುಮತಿ ಇಲ್ಲದೆ ಹೊರಗೊಯ್ದು ಹೊಳೆಯ ಮೇಲೆ ಹರಡಿರುವುದು, ಹಾಗೂ ಅದರ ಮೇಲೆ ಒಬ್ಬ ಮೃತ ವ್ಯಕ್ತಿಯನ್ನು ಎದುರು ದಡಕ್ಕೆ ದಾಟಿಸಿರುವುದು – ಕ್ರಮ ಜರುಗಿಸುವ ಕುರಿತು.

ಉಲ್ಲೇಖ: (೧) ಶ್ರೀಮತಿ ಲಿಯೋಟಾ ಕ್ವಿಂಬಿಯವರ ಅರ್ಜಿ.
(೨) ಅದೇ ಅರ್ಜಿ, ಮತ್ತೊಮ್ಮೆ.
(೩) ಅದೇ ಅರ್ಜಿ, ದೊಡ್ಡ ಅಕ್ಷರಗಳಲ್ಲಿ.
(೪) ಸದರಿ ಅರ್ಜಿಗಳಿಗೆ ಇಲಾಖೆಯು ಉತ್ತರಿಸದೆ ಇದ್ದ ಅವಧಿ.
(೫) ಉದ್ಯಾನದ ಕಾವಲುಗಾರ ಶ್ರೀ ಫ್ಲಾಯ್ಡ್ ಪೆಲ್ಕಿಯವರ ಹೇಳಿಕೆ.

ಪ್ರಸ್ತಾವನೆ

ಊರಿನ ಆಲ್ಡರ್ ಹೊಳೆಗೆ ಅಡ್ಡಲಾಗಿ ಹಿಂದೆ ಒಂದು ಚಾವಣಿ ಸೇತುವೆ ಇತ್ತೆಂಬುದು ಇಲಾಖೆಯ ಗಮನದಲ್ಲಿದೆ. ಮರದ ನೆಲ, ಮರದ ಗೋಡೆ, ಮೇಲೆ ಹಲಗೆಯ ಚಾವಣಿ ಇದ್ದ ಸದರಿ ಸೇತುವೆಯು ಕೆಲವು ವರ್ಷಗಳ ಹಿಂದಿನ ನೆರೆಯಲ್ಲಿ, ಯಾವುದೇ ಪೂರ್ವಾನುಮತಿ ಪಡೆಯದೆ, ಚಾವಣಿ ಸಮೇತ ತೇಲಿಹೋಗಿ ಕೆಳಗಿನ ಗಿರಣಿಯ ಕಟ್ಟೆಗೆ ಬಡಿದು ಚೂರಾಗಿರುತ್ತದೆ. ನಂತರದ ಮಾರ್ಚ್ ತಿಂಗಳ ಊರಸಭೆಯಲ್ಲಿ ಹೊಸ ಸೇತುವೆ ಬೇಕೆಂದು ನೆರೆದವರೆಲ್ಲರೂ ಕೈಯೆತ್ತಿದ್ದರು. ಎತ್ತಿದ ಕೈಗಳನ್ನು ಇಲಾಖೆಯು ಗೌರವದಿಂದ ಗಮನಿಸಿ, ಸೇತುವೆಯ ಬದಲು ಉದ್ಯಾನವನ್ನು ನಿರ್ಮಿಸಿತು. ಸೇತುವೆಗೆ ಎರಡು ದಡಗಳು ಬೇಕಾಗುತ್ತವೆ. ಉದ್ಯಾನಕ್ಕೆ ಒಂದೇ ಸಾಕು.

ಎದುರು ದಡದಲ್ಲಿ ಊರಿನ ಹಳೆಯ ಸ್ಮಶಾನ ಮತ್ತು ಒಂದಿಷ್ಟು ಮೇಪಲ್ ಮರಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಅವುಗಳ ಬೆನ್ನಿಗೆ ಕಡಿದಾದ ಬಂಡೆ. ಆ ಕಡೆಯಿಂದ ರಸ್ತೆ ಇಲ್ಲ. ಸೇತುವೆ ಹೋದ ಮೇಲೆ ತೀರಿಕೊಂಡವರನ್ನು ಹೆದ್ದಾರಿಯ ಪೆಟ್ರೋಲ್ ಬಂಕಿನ ಹಿಂದಿರುವ ಹೊಸ ಸ್ಮಶಾನದಲ್ಲಿ ಹೂಳಲಾಗುತ್ತಿದೆ. ಹೊಸ ಸ್ಮಶಾನದವರಿಂದಾಗಲಿ ಹಳೆಯ ಸ್ಮಶಾನದವರಿಂದಾಗಲಿ ಈವರೆಗೆ ಒಂದೂ ದೂರು ಬಂದಿಲ್ಲವೆಂಬುದನ್ನು ವಾರ್ಷಿಕ ವರದಿಯಲ್ಲಿ ಸಂತೋಷದಿಂದ ದಾಖಲಿಸಲಾಗಿದೆ.

ಆದಾಗ್ಯೂ ಕೆಲವು ನಾಗರಿಕರು ಚಾವಣಿಯ ಕೆಳಗೆ ನಡೆಯುವ ಸುಖವನ್ನು ಕಳೆದುಕೊಂಡೆವೆಂದು ಅಲವತ್ತುಕೊಂಡಿದ್ದರಿಂದ, ಇಲಾಖೆಯು ಉದ್ಯಾನದೊಳಗೆ ಹಳೆಯ ಸೇತುವೆಯದೇ ಅಳತೆಯ ಮರದ ರಚನೆಯೊಂದನ್ನು ಕಟ್ಟಿಸಿಕೊಟ್ಟಿದೆ. ನೀರಿನ ಮೇಲೆ ಏನನ್ನಾದರೂ ಕಟ್ಟಬೇಕಾದರೆ ಮತ್ತೊಂದು ಇಲಾಖೆಯನ್ನು ಕೇಳಬೇಕಾಗುತ್ತದೆ. ಆ ಇಲಾಖೆಯೊಂದಿಗೆ ನಮ್ಮ ಇಲಾಖೆಗೆ ಮಾತುಕತೆ ಇಲ್ಲ. ಹಾಗಾಗಿ ಸದರಿ ರಚನೆಯನ್ನು ಹೊಳೆಗೆ ಅಡ್ಡಲಾಗಿ ಕಟ್ಟದೆ ಹೊಳೆಯ ಉದ್ದಕ್ಕೆ, ಹುಲ್ಲಿನ ಮೇಲೆ ಕಟ್ಟಲಾಗಿದೆ. ಒಂದು ತುದಿಯಲ್ಲಿ ಒಳಹೊಕ್ಕವರು ಇನ್ನೊಂದು ತುದಿಯಲ್ಲಿ ಅದೇ ದಡಕ್ಕೆ ಬರುತ್ತಾರೆ. ದಾಟುವ ಅಪಾಯವಿಲ್ಲದೆ ದಾಟಿದ ಅನುಭವವನ್ನು ಒದಗಿಸಿದ ಮೊದಲ ಇಲಾಖೆ ನಮ್ಮದೆಂದು ನಂಬಲಾಗಿದೆ.

ಇಷ್ಟು ಸೌಕರ್ಯವಿದ್ದರೂ ನಡೆದ ಪ್ರಕರಣವೇನೆಂದರೆ:

ಊರಿನ ನಿವಾಸಿ ಶ್ರೀ ಡರ್ವುಡ್ ಕ್ವಿಂಬಿಯವರು ಹೋದ ವರ್ಷದ ಜನವರಿಯಲ್ಲಿ ತೀರಿಕೊಂಡರು. ಚಳಿಗಾಲದಲ್ಲಿ ನಮ್ಮ ನೆಲ ಕಬ್ಬಿಣದಂತಾಗಿ ಗುದ್ದಲಿಗೆ ಬಗ್ಗದ ಕಾರಣ, ಆ ತಿಂಗಳುಗಳಲ್ಲಿ ಸತ್ತವರನ್ನು ಚರ್ಚಿನ ಪಕ್ಕದ ಕಲ್ಲುಕೋಣೆಯಲ್ಲಿ ಇರಿಸಿ, ಮೇ ತಿಂಗಳಲ್ಲಿ ನೆಲ ಸಡಿಲವಾದ ಮೇಲೆ ಹೂಳುವುದು ವಾಡಿಕೆ. ಶ್ರೀ ಕ್ವಿಂಬಿಯವರನ್ನೂ ಹಾಗೆಯೇ ಇರಿಸಲಾಯಿತು. ಮೇ ಬಂತು, ನೆಲ ಸಡಿಲವಾಯಿತು. ಅವರ ಪತ್ನಿ ಶ್ರೀಮತಿ ಲಿಯೋಟಾ ಕ್ವಿಂಬಿಯವರು ಹೊಸ ಸ್ಮಶಾನವನ್ನು ನಿರಾಕರಿಸಿ, ಗಂಡನನ್ನು ಎದುರು ದಡದಲ್ಲೇ ಹೂಳಬೇಕೆಂದು ಅರ್ಜಿ ಸಲ್ಲಿಸಿದರು. ಕಚೇರಿಯ ಕಿಟಕಿಯಲ್ಲಿ ಅವರು ಹೇಳಿದ್ದನ್ನು ಇದ್ದಂತೆಯೇ ಬರೆದುಕೊಳ್ಳಲಾಗಿದೆ:

"ನನ್ನ ಮಗಳು ಆ ಕಡೆ ಇದ್ದಾಳೆ ಕಣಪ್ಪ. ಇನ್ನೂ ಹಲ್ಲು ಬಿದ್ದು ಹುಟ್ಟೋ ವಯಸ್ಸಲ್ಲಿ ಹೋದ್ಲು. ಅವಳ ಪಕ್ಕದ ಜಾಗ ಅವರಪ್ಪಂದು, ಅವನೇ ಅಳೆದು ಗೂಟ ಹೊಡೆದಿಟ್ಟಿದ್ದ. ಈಗ ನೋಡಿದ್ರೆ ಈ ಕಡೆ ಕಲ್ಲುಕೋಣೇಲಿ ಬಸ್ಸಿಗೆ ಕಾಯೋನ ಥರ ಬಿದ್ದಿದ್ದಾನೆ. ಪೆಟ್ರೋಲ್ ಬಂಕಿನ ಹಿಂದೆ ಹೂಳಿ ಅಂತೀರಲ್ಲ, ಅಲ್ಲಿ ಅವನಿಗೆ ಯಾರಿದ್ದಾರೆ? ಒಂದು ದಾರಿ ಹೇಳಿ, ಸಾಕು."

ಇಲಾಖೆಯು ದಾರಿಯ ಬದಲಿಗೆ ಬೆಂಚನ್ನು ಹೇಳಿತು. ಉದ್ಯಾನದ ಹೂವಿನ ಮಡಿಯ ಬಳಿಯ ಬೆಂಚಿನ ಮೇಲೆ ಮೃತರ ಹೆಸರಿನ ಹಿತ್ತಾಳೆ ಫಲಕ ಹಾಕಿಸಿಕೊಡಲು ಇಲಾಖೆ ಮುಂದೆ ಬಂದಿತು. ಅದಕ್ಕೆ ಶ್ರೀಮತಿಯವರು, "ಬದುಕಿದ್ದಾಗಲೇ ಬೆಂಚಿನ ಮೇಲೆ ಕೂತೋನಲ್ಲ ಅವನು. ಸತ್ತ ಮೇಲೆ ಕೂರಿಸ್ತೀರಾ?" ಎಂದು ಕೇಳಿ ಹೊರಟುಹೋದರು. ಫಲಕವನ್ನು ಹೆಸರಿಲ್ಲದೆ ಹಾಕಲಾಗಿದೆ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ನೆಲ ಸಡಿಲವಾಗಿರುವ ತಿಂಗಳುಗಳಲ್ಲಿ ಹೊಳೆ ಹರಿಯುತ್ತಿರುತ್ತದೆ. ಹೊಳೆ ಹೆಪ್ಪುಗಟ್ಟಿರುವ ತಿಂಗಳುಗಳಲ್ಲಿ ನೆಲವೂ ಹೆಪ್ಪುಗಟ್ಟಿರುತ್ತದೆ. ಅಂದರೆ ಅಗೆಯಬಹುದಾದಾಗ ದಾಟಲಾಗುವುದಿಲ್ಲ, ದಾಟಬಹುದಾದಾಗ ಅಗೆಯಲಾಗುವುದಿಲ್ಲ. ನೆಲವನ್ನು ಒಂದು ಸಮಿತಿಯೂ ಹೊಳೆಯನ್ನು ಮತ್ತೊಂದು ಸಮಿತಿಯೂ ನೋಡಿಕೊಳ್ಳುತ್ತಿರುವುದರಿಂದ, ಇದು ಒಂದೇ ಸಮಸ್ಯೆಯೆಂದು ಇಲಾಖೆಗೆ ಕಂಡುಬಂದಿರುವುದಿಲ್ಲ. ಎರಡೂ ಸಮಿತಿಗಳು ತಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲವೆಂದು ವರದಿ ನೀಡಿವೆ.

ಜೂನ್‌ನಲ್ಲಿ ಶ್ರೀಮತಿಯವರು ದೋಣಿ ಕೇಳಿದರು. ಹೊಳೆಯ ಈ ಬದಿಯಲ್ಲಿ ದೋಣಿ ಇಳಿಸಬಹುದಾದ ತಗ್ಗು ದಡ ಉದ್ಯಾನದೊಳಗೆ ಮಾತ್ರ ಇದೆ. ಉದ್ಯಾನದಿಂದ ಹೊರಡುವ ದೋಣಿಯಲ್ಲಿ ಪ್ರತಿಯೊಬ್ಬ ಪ್ರಯಾಣಿಕನೂ ತೇಲುಕವಚ ಧರಿಸಿರಬೇಕು, ಮತ್ತು ಮುಳುಗಿದರೆ ಇಲಾಖೆ ಹೊಣೆಯಲ್ಲವೆಂದು ಸ್ವತಃ ಸಹಿ ಮಾಡಿರಬೇಕು. ಶ್ರೀ ಡರ್ವುಡ್ ಕ್ವಿಂಬಿಯವರು ಸಹಿಗೆ ಹಾಜರಾಗಲಿಲ್ಲ. ಅವರ ಪರವಾಗಿ ಪತ್ನಿ ಸಹಿ ಮಾಡಬಹುದೇ ಎಂಬ ಪ್ರಶ್ನೆಗೆ, ಪ್ರಯಾಣಿಕನು ಊರಲ್ಲಿಲ್ಲದಿದ್ದರೆ ಮಾತ್ರ ಹಾಗೆ ಮಾಡಬಹುದೆಂದು, ಸದರಿಯವರು ಊರಲ್ಲೇ ಇದ್ದಾರೆಂದು ತಿಳಿಸಲಾಯಿತು. ಮೇಲಾಗಿ ದೋಣಿಗಳಿಗೆ ವಿಹಾರಕ್ಕೆ ಮಾತ್ರ ಅವಕಾಶವಿದೆ.

ಅಕ್ಟೋಬರ್‌ನಲ್ಲಿ, ನೆಲ ಇನ್ನೂ ಮೆತ್ತಗಿರುವಾಗ, ಊರಿನ ಗುಂಡಿ ತೋಡುವ ಶ್ರೀ ಎಮರಿ ಸ್ಟಿಕ್ನಿಯವರು ಒಬ್ಬರೇ ದೋಣಿಯಲ್ಲಿ ವಿಹಾರಕ್ಕೆ ಹೋದರು. ಜತೆಯಲ್ಲಿ ಗಾಳ, ಬುತ್ತಿ ಮತ್ತು ಒಂದು ಗುದ್ದಲಿ ಇದ್ದವು. ಗುದ್ದಲಿ ಯಾಕೆಂದು ಕಾವಲುಗಾರರು ವಿಚಾರಿಸಿದಾಗ "ಎರೆಹುಳಕ್ಕೆ ಕಣೋ. ಮೀನು ಬರೀ ಗಾಳ ತಿನ್ನುತ್ತಾ?" ಎಂದಿದ್ದಾರೆ. ಸಂಜೆ ಅವರು ಮೀನಿಲ್ಲದೆ, ಮೊಣಕಾಲಿನವರೆಗೆ ಮಣ್ಣಾಗಿ ಹಿಂತಿರುಗಿರುತ್ತಾರೆ. ಇಲಾಖೆಯ ತಜ್ಞರ ಅಭಿಪ್ರಾಯದಂತೆ ಒಬ್ಬ ಮನುಷ್ಯ ಮಲಗುವಷ್ಟು ಉದ್ದ, ಅವನು ಎದ್ದರೂ ಕಾಣದಷ್ಟು ಆಳದಲ್ಲಿ ಎರೆಹುಳ ಹುಡುಕುವ ಪದ್ಧತಿ ಎಲ್ಲಿಯೂ ಇರುವುದಿಲ್ಲ. ಎದುರು ದಡದ ಆ ಗುಂಡಿಗೆ ಒಣಹುಲ್ಲು ತುಂಬಿ, ಮೇಲೆ ಹಲಗೆ ಮುಚ್ಚಿದ್ದು ಹುಳಗಳ ಕ್ಷೇಮಕ್ಕಾಗಿ ಎಂಬ ಅವರ ವಿವರಣೆಯನ್ನು ಆಗ ಒಪ್ಪಿಕೊಂಡಿದ್ದಕ್ಕಾಗಿ ಇಲಾಖೆಯು ಈಗ ವಿಷಾದಿಸುತ್ತದೆ.

ಈ ವರ್ಷದ ಜನವರಿಯಲ್ಲಿ ಹೊಳೆ ಗಟ್ಟಿಯಾಗಿ ಹೆಪ್ಪುಗಟ್ಟಿತು. ಒಂದು ಶನಿವಾರ ಬೆಳಗ್ಗೆ ಸದರಿ ಕೃತ್ಯ ನಡೆಯಿತು. ಅದು ಮರುಕಳಿಸದಂತೆ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ಉದ್ಯಾನದ ಗಡಿಯೊಳಗೆ ಬೀಳುವ ಹಿಮವು ನೆಲ ಮುಟ್ಟಿದ ಕ್ಷಣದಿಂದ ಇಲಾಖೆಯ ಸ್ವತ್ತಾಗಿರುತ್ತದೆ. ಇನ್ನೂ ಗಾಳಿಯಲ್ಲಿರುವ ಹಿಮದ ಒಡೆತನದ ಬಗ್ಗೆ ಕಾನೂನು ಸಲಹೆ ಕೋರಲಾಗಿದೆ. ಅಲ್ಲಿಯವರೆಗೆ ಸಾರ್ವಜನಿಕರು ಅದನ್ನು ನಾಲಿಗೆ ಚಾಚಿ ಹಿಡಿಯತಕ್ಕದ್ದಲ್ಲ.

೨. ಉದ್ಯಾನದಿಂದ ಹೊರಹೋಗುವವರು ಗೇಟಿನಲ್ಲಿ ನಿಂತು ಬೂಟು, ಟೋಪಿ ಹಾಗೂ ಹುಬ್ಬುಗಳ ಮೇಲಿನ ಹಿಮವನ್ನು ಉದುರಿಸಿ ಹೋಗತಕ್ಕದ್ದು. ಗಡ್ಡವಿರುವವರು ಹೆಚ್ಚುವರಿ ಸಮಯ ಇಟ್ಟುಕೊಂಡು ಬರತಕ್ಕದ್ದು.

೩. ಗಾಳಿಗೆ ಹಾರಿಹೋಗುವ ಹಿಮವನ್ನು ನಷ್ಟವೆಂದು ಬರೆದುಕೊಳ್ಳಲಾಗುವುದು. ಗಾಳಿಯೊಂದಿಗೆ ಸಂಚು ಮಾಡಿ ಹಿಮವನ್ನು ತೂರುವುದು ಕಂಡುಬಂದಲ್ಲಿ ಗಾಳಿಯನ್ನು ಬಿಟ್ಟು ಉಳಿದವರ ಮೇಲೆ ಕ್ರಮ ಜರುಗಿಸಲಾಗುವುದು.

೪. ಮೇಲಿನ ಸೂಚನೆಗಳ ಅಗತ್ಯವು ಕಾವಲುಗಾರ ಶ್ರೀ ಫ್ಲಾಯ್ಡ್ ಪೆಲ್ಕಿಯವರ ಹೇಳಿಕೆಯಿಂದ ಸ್ಪಷ್ಟವಾಗುತ್ತದೆ. ಹೇಳಿಕೆಯನ್ನು ತಿದ್ದಿ ಕೊಡುವಂತೆ ಎರಡು ಬಾರಿ ಸೂಚಿಸಿದರೂ ಅವರು ತಿದ್ದದ ಕಾರಣ ಹಾಗೆಯೇ ಲಗತ್ತಿಸಲಾಗಿದೆ:

"ನಾನು ಗೇಟಲ್ಲೇ ನಿಂತಿದ್ದೆ ಸಾರ್. ಡರ್ವುಡ್‌ನ ಪೆಟ್ಟಿಗೇನ ಹುಲ್ಲು ಸಾಗಿಸೋ, ಚಕ್ರ ಇಲ್ಲದ ಜಾರುಬಂಡಿ ಮೇಲಿಟ್ಟು ಕಟ್ಕೊಂಡು ತಂದ್ರು. ಅರ್ಧ ಊರೇ ಹಿಂದೆ ಇತ್ತು. ಹೊಳೆಗೆ ಇಳಿದು ನೋಡಿದ್ರೆ, ಗಾಳಿ ಹೊಡೆದೂ ಹೊಡೆದೂ ಮಂಜುಗಡ್ಡೆ ಮೇಲೆ ಒಂದು ಹಿಡಿ ಹಿಮ ಇಲ್ಲ, ಕನ್ನಡಿ ಥರ ಇತ್ತು. ಮೊದ್ಲು ಕಾಲಿಟ್ಟೋನೇ ಧೊಪ್ ಅಂತ ಬಿದ್ದ. ಜಾರುಬಂಡಿ ಹಗ್ಗ ಹಿಡಿದೋರು ನಿಲ್ಲೋದೇ ಆಗ್ಲಿಲ್ಲ, ಇನ್ನು ಎಳೆಯೋದೆಲ್ಲಿಂದ ಬಂತು. ಆವಾಗ ಲಿಯೋಟಾ ಸಲಿಕೆ ಹಿಡ್ಕೊಂಡು ಉದ್ಯಾನದ ಕಡೆ ತಿರುಗಿದ್ಲು. 'ಫ್ಲಾಯ್ಡ್, ಪಕ್ಕಕ್ಕೆ ಸರಿ' ಅಂದ್ಲು. ನಾನು, 'ಲಿಯೋಟಾ, ಈ ಹಿಮ ಮುಟ್ಟಂಗಿಲ್ಲ ಕಣಮ್ಮ, ಇಲಾಖೇದು' ಅಂದೆ. 'ಆಕಾಶದಿಂದ ಬಿದ್ದಿದ್ದಕ್ಕೂ ನಿಮ್ಮ ಇಲಾಖೆ ಮುದ್ರೆ ಒತ್ತಿದೆಯೇನೋ?' ಅಂತ ಎಮರಿ ಹಿಂದಿನಿಂದ ಕೂಗಿದ. ಎಲ್ಲಾರೂ ನಕ್ಕರು. ನಂಗೂ ನಗು ಬಂತು ಸಾರ್. ಸಮವಸ್ತ್ರ ಹಾಕಿದ್ದೆ, ನುಂಗ್ಕೊಂಡೆ.

"ಲಿಯೋಟಾ ನಗಲಿಲ್ಲ. 'ಫ್ಲಾಯ್ಡ್, ಹಳೇ ಸೇತುವೆಗೆ ಚಾವಣಿ ಇತ್ತಲ್ಲ, ಒಳಗೆ ಹಿಮ ಬೀಳ್ತಿತ್ತಾ?' ಅಂದ್ಲು. 'ಇಲ್ಲ' ಅಂದೆ. 'ಬರೀ ಹಲಗೆ ಮೇಲೆ ಜಾರುಬಂಡಿ ಹೋಗುತ್ತಾ?' 'ಇಲ್ಲ.' 'ನಿಮ್ಮಪ್ಪ ಪ್ರತಿ ಮಾರ್ಚಲ್ಲೂ ಆ ಕಡೆಯಿಂದ ಮೇಪಲ್ ರಸದ ಪೀಪಾಯಿ ಎಳ್ಕೊಂಡು ಬರ್ತಿದ್ದನಲ್ಲ, ಅವನ ಜಾರುಬಂಡಿ ಹಲಗೆ ಮೇಲೆ ಸಿಕ್ಕಿಹಾಕ್ಕೊಳ್ಳದೆ ಇರ್ಲಿ ಅಂತ ಬೆಳಗ್ಗೆ ಎದ್ದು ಸೇತುವೆ ಒಳಗೆ ಹಿಮ ಹೊತ್ತು ಹಾಕ್ತಿದ್ದೋನು ಯಾರು?' ಅಂದ್ಲು. ಅದು ಡರ್ವುಡ್ ಸಾರ್. ಊರಿಗೆಲ್ಲಾ ಗೊತ್ತು. ಆ ರಸ ಕಾಯಿಸಿದ ಪಾಕ ನಮ್ಮಪ್ಪನ ಪಾನ್‌ಕೇಕಿಗೆ ಬಂದಿದ್ದೇ ಅವನ ಸಲಿಕೆಯಿಂದ.

"ನಾನು ಪಕ್ಕಕ್ಕೆ ಸರಿದೆ. ತಪ್ಪಾಯ್ತು ಅಂತ ಬರೀರಿ ಅಂದ್ರಿ, ಬರೆಯಲ್ಲ ಸಾರ್. ಸರಿದಿದ್ದೊಂದೇ ಅಲ್ಲ, ನಮ್ಮ ಶೆಡ್ಡಿನಲ್ಲಿದ್ದ ಇಲಾಖೆ ಸಲಿಕೆಗಳನ್ನೂ ನಾನೇ ತಂದುಕೊಟ್ಟೆ. ಅವು ಉದ್ದ ಹಿಡಿಯವು, ಬೆನ್ನು ನೋಯಲ್ಲ."

೫. ಇದರಿಂದ ಸಾಬೀತಾಗುವುದೇನೆಂದರೆ, ಚಾವಣಿ ಸೇತುವೆಯೊಳಗೆ ಹಿಮ ಹಾಕುವ ಹಳೆಯ ಅಭ್ಯಾಸವನ್ನು ಸದರಿ ನಾಗರಿಕರು ಸೇತುವೆಯೇ ಇಲ್ಲದ ಜಾಗದಲ್ಲಿ ಮುಂದುವರಿಸಿದ್ದಾರೆ. ಇವರು ಕೈಯಿಂದ ಕೈಗೆ ಸಲಿಕೆ ದಾಟಿಸುತ್ತ, ಉದ್ಯಾನದ ಹಿಮವನ್ನು ಹೊಳೆಯ ಮೇಲೆ ಹಾಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಈ ದಡದಿಂದ ಆ ದಡಕ್ಕೆ ಒಂದು ಜಾರುಬಂಡಿಯ ಅಗಲದ ಬಿಳಿ ದಾರಿಯನ್ನು ನಿರ್ಮಿಸಿದರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಹಳೆಯ ಸೇತುವೆ ಇದ್ದ ಜಾಗಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಯಾರೂ ಅಳತೆ ಪಟ್ಟಿ ಹಿಡಿದಿರಲಿಲ್ಲ. ಇಲಾಖೆಯ ಅಂದಾಜಿನಂತೆ ಇಂತಹ ದಾರಿಗೆ ಸಮೀಕ್ಷೆ, ನಕ್ಷೆ ಮತ್ತು ಮೂರು ಹಂತದ ಅನುಮೋದನೆ ಸೇರಿ ಕೆಲವು ವರ್ಷ ಬೇಕಾಗುತ್ತದೆ. ಮಧ್ಯಾಹ್ನದ ಊಟದ ಮೊದಲು ಮುಗಿಸಿದ ಕಾಮಗಾರಿಯ ಗುಣಮಟ್ಟದ ಬಗ್ಗೆ ಇಲಾಖೆಗೆ ಗಂಭೀರ ಸಂಶಯವಿದೆ.

೬. ಹೊಳೆಯ ಮೇಲೆ ಹಾಸಿದ ಹಿಮವನ್ನು ಮೂವತ್ತು ದಿನಗಳೊಳಗೆ ಮೊದಲಿದ್ದ ಜಾಗಕ್ಕೆ ಮರಳಿಸಬೇಕೆಂದು ಫೆಬ್ರುವರಿಯಲ್ಲಿ ನೋಟಿಸು ಸಿದ್ಧಪಡಿಸಲಾಗಿತ್ತು. ನೋಟಿಸು ಸಹಿಯಾಗಿ ಬರುವಷ್ಟರಲ್ಲಿ ಮಂಜುಗಡ್ಡೆ ಒಡೆದು, ಇಲಾಖೆಯ ಹಿಮವು ಇಲಾಖೆಯ ವ್ಯಾಪ್ತಿ ಮೀರಿ ಹರಿದುಹೋಗಿದೆ. ಕೆಳಗಿನ ಊರುಗಳು ಅದನ್ನು ಗುರುತಿಸಿ ಹಿಂತಿರುಗಿಸುವಂತೆ ಕೋರಲಾಗಿದೆ.

೭. ಉದ್ಯಾನದಲ್ಲಿರುವ ಚಾವಣಿ ರಚನೆಯೊಳಗೆ ಹಿಮ ಹಾಕುವುದನ್ನು ಸಹ ನಿಷೇಧಿಸಲಾಗಿದೆ. ಹಳೆಯ ಸೇತುವೆಯಿಂದ ಉಳಿದು ಬಂದ "ಕುದುರೆಗಳನ್ನು ನಡೆಸಿಕೊಂಡು ಹೋಗಿ" ಎಂಬ ಹಲಗೆಯನ್ನು ರಚನೆಯ ಬಾಗಿಲಿಗೆ ಹಾಕಲಾಗಿದೆ. ಕುದುರೆ ತರದವರು ಕುದುರೆಯ ವೇಗದಲ್ಲಿ ನಡೆಯತಕ್ಕದ್ದು.

೮. ಉದ್ಯಾನದ ಬೆಂಚುಗಳು ಈವರೆಗೆ ಹೊಳೆಯ ಕಡೆ ಮುಖ ಮಾಡಿದ್ದವು. ಕುಳಿತವರು ಎದುರು ದಡವನ್ನು ನೋಡುತ್ತಿದ್ದರು, ನೋಡುವವರು ಅರ್ಜಿ ಬರೆಯುತ್ತಿದ್ದರು. ಆದ್ದರಿಂದ ಎಲ್ಲ ಬೆಂಚುಗಳನ್ನು ವಾಹನ ನಿಲುಗಡೆಯ ಕಡೆಗೆ ತಿರುಗಿಸಲಾಗಿದೆ. ಕತ್ತು ತಿರುಗಿಸಿ ನೋಡುವವರು ತಮ್ಮ ಕತ್ತಿಗೆ ತಾವೇ ಜವಾಬ್ದಾರರು.

೯. ಮೌನದ ಬಗ್ಗೆ. ಪೆಟ್ಟಿಗೆಯನ್ನು ದಾಟಿಸುವಾಗ ನೆರೆದವರಲ್ಲಿ ಯಾರೂ ಮಾತಾಡಲಿಲ್ಲವೆಂದು ವರದಿಯಾಗಿದೆ. ಘೋಷಣೆ ಕೂಗಿದ್ದರೆ ಅದಕ್ಕೆ ನಿಯಮವಿದೆ. ಹಾಡಿದ್ದರೆ ಧ್ವನಿಯ ಮಿತಿ ಇದೆ. ಅತ್ತಿದ್ದರೆ ಕೊಡಲು ಸಾಂತ್ವನದ ಕರಪತ್ರವಿದೆ. ಮೌನಕ್ಕೆ ಇಲಾಖೆಯಲ್ಲಿ ಯಾವ ನಮೂನೆಯೂ ಇಲ್ಲ. ಜಾರುಬಂಡಿಯ ಕೆಳಗೆ ಹಿಮ ಕಿರುಗುಡುವುದು ಮಾತ್ರ ಕೇಳುತ್ತಿತ್ತೆಂದೂ, ನಡುಹೊಳೆಗೆ ಬಂದಾಗ ಮಂಜುಗಡ್ಡೆಯ ಅಡಿಯಲ್ಲಿ ನೀರು ಹರಿಯುವ ಸದ್ದು ಕಾಲಿಗೆ ತಿಳಿಯುತ್ತಿತ್ತೆಂದೂ, ಆಗ ಎಲ್ಲರೂ ಒಂದು ಗಳಿಗೆ ನಿಂತು, ಯಾರೂ ಹೇಳದಿದ್ದರೂ ಒಟ್ಟಿಗೆ ಹೆಜ್ಜೆ ಎತ್ತಿದರೆಂದೂ ತಿಳಿದುಬಂದಿದೆ. ಇಷ್ಟು ಜನ ಒಂದೇ ವಿಷಯದಲ್ಲಿ ಒಮ್ಮೆಲೇ ಸುಮ್ಮನಿರುವುದು ಪೂರ್ವಯೋಜಿತವಲ್ಲದೆ ಸಾಧ್ಯವಿಲ್ಲ. ಇದರ ಸ್ವರೂಪವನ್ನು ಪರಿಶೀಲಿಸಲು ಇಲಾಖೆಯು ಒಬ್ಬ ಕಿರಿಯ ಅಧಿಕಾರಿಯನ್ನು ಸ್ಥಳಕ್ಕೆ ಕಳುಹಿಸಿತು. ಅವರು ದಡದ ಕಲ್ಲಿನ ಮೇಲೆ ಸಂಜೆಯವರೆಗೆ ಕುಳಿತಿದ್ದು, ಕಚೇರಿಗೆ ಹಿಂತಿರುಗಿ, ವರದಿ ಸಲ್ಲಿಸದೆ ರಜೆಯ ಮೇಲೆ ತೆರಳಿರುತ್ತಾರೆ. ಅವರನ್ನು ಯಾರೂ ಅನುಕರಿಸತಕ್ಕದ್ದಲ್ಲ. ಇನ್ನು ಮುಂದೆ ಉದ್ಯಾನದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಸುಮ್ಮನಿರಬೇಕಾದರೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

೧೦. ಶ್ರೀ ಫ್ಲಾಯ್ಡ್ ಪೆಲ್ಕಿಯವರಿಂದ ಸಮವಸ್ತ್ರದ ಟೋಪಿಯನ್ನು ಹಿಂಪಡೆಯಲಾಗಿದೆ. ಪೆಟ್ಟಿಗೆ ದಡ ಬಿಟ್ಟಾಗ ಅವರು ಟೋಪಿ ತೆಗೆದಿದ್ದರೆಂದು ತಿಳಿದುಬಂದಿರುವುದರಿಂದ ಅದರ ಅಗತ್ಯ ಅವರಿಗೆ ಇದ್ದಂತೆ ಕಾಣುವುದಿಲ್ಲ. ಅವರು ಕರ್ತವ್ಯದಲ್ಲಿ ಮುಂದುವರಿಯುವರು. ಬೇರೆ ಯಾರೂ ಆ ಕೆಲಸಕ್ಕೆ ಅರ್ಜಿ ಹಾಕಿರುವುದಿಲ್ಲ.

೧೧. ಹೂಳಿಕೆಯ ಬಗ್ಗೆ. ಎರೆಹುಳದ ಗುಂಡಿಯಲ್ಲಿ ಮನುಷ್ಯನನ್ನು ಹೂಳಿದ್ದು, ಅದೂ ಅನುಮೋದಿತವಲ್ಲದ ದಾರಿಯಿಂದ ತಂದು ಹೂಳಿದ್ದು, ಕ್ರಮಬದ್ಧವಲ್ಲ. ಆದ್ದರಿಂದ ಶ್ರೀ ಡರ್ವುಡ್ ಕ್ವಿಂಬಿಯವರನ್ನು ಮಗಳ ಪಕ್ಕದಿಂದ ತೆಗೆದು ಕಲ್ಲುಕೋಣೆಗೆ ಮರಳಿಸತಕ್ಕದ್ದೆಂದು ಆದೇಶಿಸಲಾಗಿದೆ. ಆದೇಶವು ತಕ್ಷಣದಿಂದ ಜಾರಿಗೆ ಬಂದಿದೆ.

೧೨. ಸದರಿ ಆದೇಶವನ್ನು ಕಾರ್ಯಗತಗೊಳಿಸಲು ಇಲಾಖೆಯ ತಂಡವು ಉದ್ಯಾನಕ್ಕೆ ತೆರಳಿ, ದಡದವರೆಗೆ ನಡೆದು, ಅಲ್ಲಿ ನಿಂತಿತು. ಹೊಳೆ ತುಂಬಿ ಹರಿಯುತ್ತಿತ್ತು. ಚಾವಣಿ ರಚನೆಯ ಮೂಲಕ ಹೋಗಿ ನೋಡಿದಾಗ ತಂಡವು ಈ ದಡದಲ್ಲೇ ಹೊರಬಂದಿತು. ಎರಡನೇ ಬಾರಿಯೂ ಹಾಗೆಯೇ ಆಯಿತು. ದೋಣಿಯಲ್ಲಿ ಹೋದರೂ ಹಿಂತಿರುಗುವಾಗ ಒಬ್ಬ ಪ್ರಯಾಣಿಕರು ಸಹಿ ಮಾಡಲಾಗದ ಸ್ಥಿತಿಯಲ್ಲಿರುವುದರಿಂದ ಆ ಮಾರ್ಗವನ್ನು ಕೈಬಿಡಲಾಯಿತು. ಮುಂದಿನ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಹೋಗಬಹುದು, ಆದರೆ ಆಗ ಅಗೆಯಲಾಗುವುದಿಲ್ಲವೆಂದು ನೆಲದ ಸಮಿತಿಯು ತಿಳಿಸಿದೆ.

೧೩. ಆದ್ದರಿಂದ ಆದೇಶವನ್ನು ಜಾರಿಗೊಳಿಸುವ ಏಕೈಕ ಉದ್ದೇಶಕ್ಕಾಗಿ ಹೊಳೆಗೆ ಒಂದು ಸೇತುವೆಯನ್ನು ಕಟ್ಟುವ ಪ್ರಸ್ತಾವವನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿತು. ಆದರೆ ಸೇತುವೆಯಾದ ಕ್ಷಣದಲ್ಲಿ ಹಳೆಯ ಸ್ಮಶಾನಕ್ಕೆ ಅನುಮೋದಿತ ದಾರಿ ಇದ್ದಂತಾಗಿ, ಅಲ್ಲಿನ ಹೂಳಿಕೆಯು ಕ್ರಮಬದ್ಧವಾಗಿಬಿಡುತ್ತದೆಂದು ಕಾನೂನು ಶಾಖೆಯು ಆಕ್ಷೇಪಿಸಿತು. ಕ್ರಮಬದ್ಧವಾದ ಹೂಳಿಕೆಯನ್ನು ತೆಗೆಯಬೇಕಿಲ್ಲ. ತೆಗೆಯಬೇಕಿಲ್ಲದಿದ್ದರೆ ಸೇತುವೆ ಬೇಕಿಲ್ಲ. ಹಾಗಾಗಿ ಸೇತುವೆಯನ್ನು ಕಟ್ಟದೆ, ಹೂಳಿಕೆಯನ್ನು ಅಕ್ರಮವಾಗಿಯೇ ಉಳಿಸಿಕೊಂಡು, ಆದೇಶವನ್ನು ಪೂರ್ಣ ಬಲದಲ್ಲಿ ಮುಂದುವರಿಸಲು ತೀರ್ಮಾನಿಸಲಾಗಿದೆ.

೧೪. ಮೇಲಿನ ತೀರ್ಮಾನವನ್ನು ಶ್ರೀಮತಿ ಲಿಯೋಟಾ ಕ್ವಿಂಬಿಯವರಿಗೆ ಅವರ ಮನೆಯ ಹೊಸ್ತಿಲಲ್ಲಿ ಓದಿ ಹೇಳಲಾಯಿತು. ಅವರು ಹಿಟ್ಟು ಕಲಸುತ್ತಿದ್ದವರು ಕೈ ನಿಲ್ಲಿಸಿ ಪೂರ್ತಿ ಕೇಳಿದರು. ನಂತರ ಅವರಿಗೂ ಓದಿದ ಅಧಿಕಾರಿಗೂ ನಡೆದ ಮಾತು ಹೀಗಿದೆ:

"ಅಂದ್ರೆ ಅವನನ್ನ ತೆಗೀತೀರಾ?"

"ಆದೇಶ ಜಾರಿಯಲ್ಲಿದೆ ಅಮ್ಮ."

"ಅದು ಕೇಳಿಸ್ತು. ತೆಗೆಯೋಕೆ ಬರ್ತೀರಾ ಅಂದೆ."

"ಬರೋದಕ್ಕೆ ದಾರಿ ಇಲ್ಲ."

"ಯಾವಾಗ ಆಗುತ್ತೆ?"

"ಆಗಲ್ಲ. ಅದನ್ನೇ ತೀರ್ಮಾನ ಮಾಡಿರೋದು."

ಶ್ರೀಮತಿಯವರು ಕೈಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಂಡರು. ಆಮೇಲೆ ಹೇಳಿದ್ದು: "ಹಾಗಾದ್ರೆ ಅವನು ಅಲ್ಲೇ ಇರ್ತಾನೆ. ಆದೇಶ ಇಲ್ಲೇ ಇರ್ಲಿ ಬಿಡಿ. ಮಗಳ ಈ ಪಕ್ಕಕ್ಕೆ ಅವರಪ್ಪ ಆಯ್ತು, ಆ ಪಕ್ಕ ನಂದು. ನಾನು ಅಲ್ಲಿಗೆ ಹೋಗೋ ಹೊತ್ತಿಗೂ ಹೀಗೇ ಗಟ್ಟಿಯಾಗಿ ಬೇಡ ಅಂತಿರಿ ಸ್ವಾಮಿ, ಮರೀಬೇಡಿ. ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ."

ಅಧಿಕಾರಿಯು ಕಾಫಿ ಕುಡಿದಿರುವುದಾಗಿ ಒಪ್ಪಿಕೊಂಡಿದ್ದಾರೆ.

೧೫. ಶ್ರೀಮತಿಯವರ ಮೇಲಿನ ಮಾತನ್ನು ಮುಂಗಡ ಅರ್ಜಿಯೆಂದು ಪರಿಗಣಿಸಿ, ಈ ಮೂಲಕ ತಿರಸ್ಕರಿಸಲಾಗಿದೆ.

ಈ ಸೂಚನೆಗಳನ್ನು ಓದಿಲ್ಲ, ತಿಳಿದಿಲ್ಲ, ತಿಳಿದರೂ ನಂಬಲಾಗಲಿಲ್ಲ ಎಂಬ ಸಬೂಬುಗಳಿಗೆ ಅವಕಾಶವಿರುವುದಿಲ್ಲ.

(ಸಹಿ ಓದಲು ಬರುವುದಿಲ್ಲ)
ಇಲಾಖೆಯ ಮುಖ್ಯಸ್ಥರ ಪರವಾಗಿ
ಮುಖ್ಯಸ್ಥರ ಪರವಾಗಿ ಸಹಿ ಮಾಡುವವರ ಪರವಾಗಿ

ಪ್ರತಿಗಳು:
೧. ನೆಲದ ಸಮಿತಿಗೆ.
೨. ಹೊಳೆಯ ಸಮಿತಿಗೆ. (ನೆಲದ ಸಮಿತಿಗೆ ತೋರಿಸತಕ್ಕದ್ದಲ್ಲ.)
೩. ಹೊಳೆಯ ಕೆಳಗಿನ ಎಲ್ಲ ಊರುಗಳ ಕಚೇರಿಗಳಿಗೆ, ಹಿಮ ಗುರುತಿಸುವ ಸಲುವಾಗಿ.
೪. ಶ್ರೀ ಎಮರಿ ಸ್ಟಿಕ್ನಿ, ಗುಂಡಿ ತೋಡುವವರು. ಮೀನುಗಾರಿಕೆ ನಿಯಮಗಳ ಕಿರುಪುಸ್ತಿಕೆಯೊಂದಿಗೆ.
೫. ರಜೆಯ ಮೇಲಿರುವ ಕಿರಿಯ ಅಧಿಕಾರಿಗೆ, ಎಲ್ಲಿದ್ದರೂ.
೬. ಶ್ರೀ ಡರ್ವುಡ್ ಕ್ವಿಂಬಿ, ಎದುರು ದಡ. ತಲುಪಿಸಲು ಮಾರ್ಗವಿಲ್ಲ. ಕಡತದಲ್ಲಿರಿಸುವುದು.